ರಿಸೀಟ್‌ನಲ್ಲಿ ಆ ‘ಪಿ’ ಯಾಕೆ?

ಮಂಜೇಶ್ವರದಿಂದ ಹೊಸದುರ್ಗದವರೆಗೆ ಎಲ್ಲಿಂದ ಪತ್ರ ಬಂದರೂ ಮೊದಲ ಪ್ರಶ್ನೆ ಇದೇ. ಇನ್ನೊಮ್ಮೆ ಕೇಳುವ ಮುಂಚೆ ದಯವಿಟ್ಟು ಇದನ್ನು ಓದಿ.

ಮಗಳು ಏಳನೇ ಕ್ಲಾಸು. ರಿಸೀಟ್ ಬರೆಯುವಾಗ ‘ಪಿ’ ಬಿಟ್ಟಳು, ಮಾರ್ಕು ಹೋಯಿತು. ಡೆಟ್‌ಗೆ ‘ಬಿ’, ಐಲೆಂಡ್‌ಗೆ ‘ಎಸ್’. ಬಾಯಲ್ಲಿ ಹೇಳದ ಅಕ್ಷರ ಬರೆಯುವುದು ಯಾಕೆ? ಇಂಗ್ಲಿಷ್‌ಗೆ ನಿಯಮವೇ ಇಲ್ವಾ? – ಪೆರ್ಲದ ಓದುಗರು

ನಿಯಮ ಇಲ್ಲ ಅನ್ನುವ ಮಾತನ್ನು ಮಗಳ ಮುಂದೆ ಆಡಲೇಬೇಡಿ. ಅದನ್ನು ಕೇಳಿದ ಮಕ್ಕಳು ಕಾರಣ ಹುಡುಕುವುದನ್ನೇ ಬಿಟ್ಟು ಬಾಯಿಪಾಠಕ್ಕೆ ಇಳಿಯುತ್ತಾರೆ.

ನೀವು ಹೇಳಿದ ಮೂರೂ ಅಕ್ಷರಗಳು ಆಮೇಲೆ ತುರುಕಿದವು. ಸಾಲ ಅನ್ನುವ ಅರ್ಥದ ಡೆಟ್ ಫ್ರೆಂಚ್‌ನಿಂದ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಡಿ-ಇ-ಟಿ-ಟಿ-ಇ ಅಂತ ಬರೆಯುತ್ತಿದ್ದರು. 15–16ನೇ ಶತಮಾನದ ಹೊತ್ತಿಗೆ ಓದಿದವರಿಗೆ ಲ್ಯಾಟಿನ್ ಮೋಹ ಜಾಸ್ತಿಯಾಯಿತು. ಮೂಲಪದ ‘ಡೆಬಿಟುಮ್’ ಕಣ್ಣಿಗೆ ಕಾಣಲಿ ಅಂತ ‘ಬಿ’ ಸೇರಿಸಿದರು. ಜನ ಮಾತ್ರ ಹಳೆಯ ಹಾಗೆಯೇ ಹೇಳಿದರು. ಡೌಟ್‌ನ ‘ಬಿ’ ಬಂದದ್ದೂ ಹೀಗೆಯೇ. ರಿಸೀಟ್‌ನ ‘ಪಿ’ ಕೂಡ ಲ್ಯಾಟಿನ್‌ನ ನೆನಪಿಗೆ ಹಾಕಿದ್ದು. ಡಿಸೀಟ್‌ಗೂ ‘ಪಿ’ ಹಾಕಿ ಬರೆದವರಿದ್ದರು, ಅಲ್ಲಿ ಅದು ನಿಲ್ಲಲಿಲ್ಲ.

ಐಲೆಂಡ್‌ನ ‘ಎಸ್’ ಶುದ್ಧ ತಪ್ಪು. ಅದು ಹಳೆಯ ಇಂಗ್ಲಿಷ್‌ನ ಸ್ವಂತ ಪದ, ‘ಎಸ್’ ಇರಲೇ ಇಲ್ಲ. ಫ್ರೆಂಚ್‌ನಿಂದ ಬಂದ ಐಲ್ ಅನ್ನುವ ಬೇರೆ ಪದದ ನೆಂಟ ಅಂತ ಭಾವಿಸಿ ಅಲ್ಲಿನ ‘ಎಸ್’ ತಂದು ಇದಕ್ಕೂ ಅಂಟಿಸಿದರು.

ಮಗಳಿಗೆ ಬ್ಯಾಂಕ್ ಪಾಸ್‌ಬುಕ್ ತೆರೆದು ಡೆಬಿಟ್ ಕಾಲಂ ತೋರಿಸಿ. ಅಲ್ಲಿ ‘ಬಿ’ ಬಾಯಲ್ಲೂ ಬರುತ್ತದೆ. ಡೆಟ್ ಪಕ್ಕ ಡೆಬಿಟ್, ರಿಸೀಟ್ ಪಕ್ಕ ರಿಸೆಪ್ಷನ್ ಬರೆಸಿ. ಐಲೆಂಡ್‌ಗೆ ಮಾತ್ರ ಬಾಯಿಪಾಠವೇ ಗತಿ.

ಇನ್ನೊಂದು ಮಾತು. ನಮ್ಮ ‘ರಶೀದಿ’ ರಿಸೀಟ್‌ನಿಂದ ಹುಟ್ಟಿದ್ದಲ್ಲ, ಪಾರ್ಸಿಯಿಂದ ಬಂದದ್ದು. ಸಾಮ್ಯ ಕಂಡ ಕೂಡಲೇ ಸಂಬಂಧ ಕಟ್ಟಬೇಡಿ.

ಜಿ-ಎಚ್-ಒ-ಟಿ-ಐ ಬರೆದು ‘ಫಿಶ್’ ಅಂತ ಓದಬಹುದು ಅಂತ ಬರ್ನಾರ್ಡ್ ಷಾ ಹೇಳಿದ್ದಾರಂತೆ, ಹೌದಾ?

ಈ ವಾಟ್ಸ್‌ಆ್ಯಪ್ ಸಂದೇಶ ಇನ್ನಾದರೂ ಕಳಿಸಬೇಡಿ. ಈ ಮಾತು 1855ರ ಒಂದು ಪತ್ರದಲ್ಲೇ ಇದೆ, ಷಾ ಹುಟ್ಟಿದ್ದು 1856ರಲ್ಲಿ. ಇನಫ್‌ನ ‘ಜಿಎಚ್’, ವಿಮೆನ್‌ನ ‘ಒ’, ನೇಷನ್‌ನ ‘ಟಿಐ’ ಸೇರಿಸಿದರೆ ‘ಫಿಶ್’ ಅನ್ನುವುದು ಅದರ ವಾದ. ಮೇಲಾಗಿ ಹಾಗೆ ಓದಲು ಬರುವುದೇ ಇಲ್ಲ. ‘ಜಿಎಚ್’ ಪದದ ಕೊನೆಗೆ ‘ಫ್’ ಆಗುತ್ತದೆ, ಆರಂಭದಲ್ಲಿ ಎಂದೂ ಇಲ್ಲ. ಗೋಸ್ಟ್ ನೋಡಿ. ‘ಟಿಐ’ ನೇಷನ್‌ನ ನಡುವೆ ‘ಶ್’ ಆಗುತ್ತದೆ, ಪದದ ಕೊನೆಗೆ ಆಗುವುದಿಲ್ಲ. ನಿಯಮ ಇಲ್ಲ ಅಂತ ತೋರಿಸಲು ಹೊರಟ ಉದಾಹರಣೆಯೇ ನಿಯಮ ಮುರಿದು ನಿಂತಿದೆ.

ಮೂವತ್ತು ದಿನದಲ್ಲಿ ಸ್ಪೆಲ್ಲಿಂಗ್ ತಪ್ಪದಂತೆ ಮಾಡುತ್ತೇವೆ ಅನ್ನುವ ಕ್ಲಾಸಿಗೆ ಸೇರಿಸಲಾ?

ಬೇಡ. ಆ ದುಡ್ಡಿಗೆ ಪದದ ಮೂಲವನ್ನೂ ಕೊಡುವ ಒಳ್ಳೆಯ ನಿಘಂಟು ಕೊಳ್ಳಿ.

ಇಂಗ್ಲಿಷ್‌ನ ‘ಅರೆಕಾ’ ನಮ್ಮ ಅಡಿಕೆಯಿಂದ ಬಂತು ಅನ್ನಬಹುದಾ?

ನಿಘಂಟುಗಳು ಮಲಯಾಳದ ‘ಅಡಕ್ಕ’ವನ್ನು ಹೆಸರಿಸುತ್ತವೆ. ಅದನ್ನು ಯುರೋಪಿಗೆ ಒಯ್ದವರು ಪೋರ್ಚುಗೀಸರು. ಕೊಪ್ರಾ, ಟೀಕ್ ಹೋದದ್ದೂ ಅದೇ ದಾರಿಯಲ್ಲಿ. ಅಡಿಕೆ, ಅಡಕ್ಕ ಎರಡೂ ಒಂದೇ ಮನೆಯವು. ಇದಕ್ಕೆ ಗಡಿ ಜಗಳ ಬೇಡ.

ಕರ್ನಲ್‌ನಲ್ಲಿ ‘ಆರ್’ ಎಲ್ಲಿದೆ?

ಇಟಲಿಯ ‘ಕೊಲೊನ್ನೆಲ್ಲೊ’ ಫ್ರೆಂಚ್‌ನಲ್ಲಿ ‘ಕೊರೊನೆಲ್’ ಆಯಿತು. ಇಂಗ್ಲಿಷರು ಹೇಳುವುದಕ್ಕೆ ಫ್ರೆಂಚ್ ರೂಪ, ಬರೆಯುವುದಕ್ಕೆ ಇಟಲಿಯ ರೂಪ ಉಳಿಸಿಕೊಂಡರು.