ನೆನಪು ಹೋದ ಹುಡುಗಿ, ಬಾಯಿ ಬಿಡದ ಮನೆಯವರು

ಟೀನೇಜ್ ಥ್ರಿಲ್ಲರ್‌ಗಳ ಬಗ್ಗೆ ಏನಾದ್ರೂ ಕೇಳಿ ಅಂದಿದ್ದೇ ತಡ, ಬಂದಿರೋದ್ರಲ್ಲಿ ಮುಕ್ಕಾಲು ಪಾಲು ಒಂದೇ ಪುಸ್ತಕದ ಸುತ್ತ ಇದೆ, ಇ. ಲಾಕ್‌ಹಾರ್ಟ್ ಬರೆದ 'ವಿ ವರ್ ಲೈಯರ್ಸ್'. ಓದಿಲ್ಲದವರಿಗೆ ಚುಟುಕಾಗಿ ಹೇಳ್ಬಿಡ್ತೀನಿ. 2014ರಲ್ಲಿ ಬಂದ ಅಮೆರಿಕದ ಕಾದಂಬರಿ. ಸಿಂಕ್ಲೇರ್ ಅನ್ನೋ ಭಾರೀ ಶ್ರೀಮಂತ ಮನೆತನ, ಮ್ಯಾಸಚೂಸೆಟ್ಸ್ ಕಡಲತೀರದ ಆಚೆ ಅವರದ್ದೇ ಒಂದು ದ್ವೀಪ, ಬೇಸಿಗೆ ಬಂತಂದ್ರೆ ತಾತ, ಮೂರು ಜನ ಹೆಣ್ಮಕ್ಕಳು, ಮೊಮ್ಮಕ್ಕಳು ಎಲ್ಲಾ ಅಲ್ಲೇ ಠಿಕಾಣಿ. ಹಿರೀ ಮೊಮ್ಮಗಳು ಕೇಡೆನ್ಸ್‌ಗೆ 15 ವರ್ಷ ಇದ್ದಾಗ ಏನೋ ನಡೆಯುತ್ತೆ, ದಡದಲ್ಲಿ ಒಬ್ಳೇ ಬಿದ್ದಿರ್ತಾಳೆ, ತಲೆಗೆ ಪೆಟ್ಟು, ಆ ಬೇಸಿಗೆ ಹೆಚ್ಚುಕಮ್ಮಿ ಪೂರ್ತಿ ತಲೆಯಿಂದ ಅಳಿಸಿಹೋಗಿದೆ. ಎರಡು ವರ್ಷ ಬಿಟ್ಟು ದ್ವೀಪಕ್ಕೆ ವಾಪಸ್ ಬರ್ತಾಳೆ, ಏನಾಗಿತ್ತು ಅಂತ ಯಾರನ್ನ ಕೇಳಿದ್ರೂ ಮಾತು ಮರೆಸ್ತಾರೆ. ಇದಕ್ಕಿಂತ ಮುಂದೆ ನಾನು ಹೇಳಲ್ಲ.

ನನ್ನ ಮಗಳಿಗೆ 13. ಕ್ಲಾಸ್‌ಮೇಟ್ಸ್ ಎಲ್ಲಾ ಓದ್ತಿದಾರೆ ಅಂತ ಈ ಪುಸ್ತಕ ತರಿಸಿಕೊಡು ಅಂತ ಹಠ ಹಿಡಿದಿದಾಳೆ. ಕೊಡಬಹುದಾ?
— ಒಬ್ಬ ತಾಯಿ, ದಾವಣಗೆರೆ

ಕೊಡಿ ಮೇಡಂ, ಆದ್ರೆ ನೀವೂ ಓದಿ. ನೀವು ಹೆದರ್ತಿರೋ ಥರದ 'ಅಂಥ' ಸೀನ್‌ಗಳೇನೂ ಇಲ್ಲ, ಹದಿಹರೆಯದ ಪ್ರೀತಿ ಇದೆ, ಅದು ಮುತ್ತಿನ ಮಟ್ಟಕ್ಕೇ ನಿಲ್ಲುತ್ತೆ. ಭಾರ ಇರೋದು ಬೇರೆ ಕಡೆ: ದೊಡ್ಡವರ ಕುಡಿತ, ಆಸ್ತಿಗೋಸ್ಕರ ಅಕ್ಕತಂಗಿಯರ ಕಿತ್ತಾಟ, ಹುಡುಗಿ ತಲೆನೋವಿಗೆ ಅಂತ ನುಂಗೋ ಮಾತ್ರೆಗಳು, ಮತ್ತೆ ಸಾವು, ದುಃಖ. ಇನ್ನೊಂದು ವಿಷ್ಯ ಮೊದ್ಲೇ ಹೇಳಿರ್ತೀನಿ, ಶುರುವಿನ ಪುಟಗಳಲ್ಲೇ ಮನೆ ಬಿಟ್ಟು ಹೊರಟ ಅಪ್ಪ ಗನ್ ತೆಗೆದು ಅವಳ ಎದೆಗೆ ಹೊಡೆದ ಅಂತ ಬರುತ್ತೆ, ಓದಿ ಗಾಬರಿ ಬೀಳ್ಬೇಡಿ, ಅವನು ನಿಜವಾಗ್ಲೂ ಹೊಡೆದಿಲ್ಲ, ಹುಡುಗಿ ತನ್ನ ನೋವನ್ನ ಹಾಗೆ ಹೇಳ್ಕೊಳ್ತಾಳೆ. ಇಡೀ ಪುಸ್ತಕ ಹೀಗೇ ಇದೆ, ತುಂಡುತುಂಡು ಸಾಲು, ಕೆಲವು ಕಡೆ ಕವನ ಓದ್ದಂಗೆ, ನಡುನಡುವೆ 'ಒಬ್ಬ ರಾಜನಿಗೆ ಮೂವರು ಹೆಣ್ಣುಮಕ್ಕಳಿದ್ದರು' ಅನ್ನೋ ಥರದ ಅಜ್ಜಿಕಥೆಗಳು. 13ರ ಹುಡುಗಿಗೆ ಅರ್ಥ ಆಗುತ್ತೆ. ಮುಗಿಸಿದ ದಿನ ಮಾತ್ರ ಅವಳ ಜೊತೆ ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಅಳೋ ಮಕ್ಕಳು ಜಾಸ್ತಿ.

ಒಂದು ಬೇಸಿಗೆ ಮಾತ್ರ ಕತ್ತರಿ ಹಾಕಿದಂಗೆ ಮರೆತುಹೋಗೋದು ನಿಜ ಜೀವನದಲ್ಲಿ ಸಾಧ್ಯನಾ ಸಾರ್? ನಂಗಂತೂ ಲೇಖಕಿ ಚೀಟಿಂಗ್ ಮಾಡಿದ್ರು ಅನ್ನಿಸ್ತು.
— ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಬರೀ ತಲೆ ಪೆಟ್ಟಿನಿಂದ ಅಂದ್ರೆ ಕಷ್ಟ. ತಲೆಗೆ ಜೋರು ಏಟು ಬಿದ್ದಾಗ ಸಾಮಾನ್ಯವಾಗಿ ಎರಡು ಕಡೆ ತೂತು ಬೀಳುತ್ತೆ. ಏಟಿಗೆ ಮುಂಚಿನ ಸ್ವಲ್ಪ ಹೊತ್ತು ಹೋಗುತ್ತೆ, ಎಷ್ಟೋ ಜನಕ್ಕೆ ಆ ಕೊನೇ ನಿಮಿಷಗಳು ಜನ್ಮದಲ್ಲಿ ವಾಪಸ್ ಬರಲ್ಲ, ಯಾಕಂದ್ರೆ ಮೆದುಳು ಅದನ್ನ ಗಟ್ಟಿ ಮಾಡಿ ಇಟ್ಕೊಳ್ಳೋ ಮುಂಚೆನೇ ಕೆಲಸ ಕೆಟ್ಟಿರುತ್ತೆ. ಆಮೇಲೆ ಏಟಿನ ನಂತರದ್ದು, ಗಂಟೆಗಳೋ ದಿನಗಳೋ, ಆ ಮನುಷ್ಯ ಕಣ್ಬಿಟ್ಟಿರ್ತಾನೆ, ಮಾತಾಡ್ತಾನೆ, ಗಂಜಿ ಕುಡೀತಾನೆ, ಆದ್ರೆ ಯಾವ್ದೂ ರೆಕಾರ್ಡ್ ಆಗ್ತಿರಲ್ಲ, ಅದಕ್ಕೇ ಹತ್ತು ನಿಮಿಷಕ್ಕೊಂದ್ಸಲ 'ನಂಗೇನಾಯ್ತು' ಅಂತ ಅದೇ ಪ್ರಶ್ನೆ ಕೇಳ್ತಿರ್ತಾನೆ. ಹಳೇ ನೆನಪು ಗಟ್ಟಿ, ಹೊಸ್ದು ಮೊದ್ಲು ಹೋಗುತ್ತೆ, ಇದನ್ನ ಫ್ರಾನ್ಸಿನ ಮನಃಶಾಸ್ತ್ರಜ್ಞ ರಿಬೋ 1881ರಷ್ಟು ಹಿಂದೆನೇ ಬರೆದಿಟ್ಟಿದಾನೆ. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ನೀಟಾಗಿ ಮಾಯ ಅಂದ್ರೆ ಡಾಕ್ಟ್ರು ಮನಸ್ಸಿನ ಕಡೆ ನೋಡ್ತಾರೆ. ತಡ್ಕೊಳ್ಳೋಕೆ ಆಗದೇ ಇರೋದು ನಡೆದಾಗ ಮನಸ್ಸೇ ಅದನ್ನ ಬೀಗ ಹಾಕಿ ಇಡುತ್ತೆ, ಡಿಸೋಸಿಯೇಟಿವ್ ಅಮ್ನೀಸಿಯಾ ಅಂತಾರೆ, ಅದ್ರಲ್ಲಿ ಒಂದು ಕಾಲಾವಧಿ ಮಾತ್ರ ಹೋಗೋದುಂಟು.

ಲಾಕ್‌ಹಾರ್ಟ್ ಎರಡನ್ನೂ ಸೇರಿಸಿ ಇಟ್ಟಿದಾರೆ, ಪೆಟ್ಟೂ ಇದೆ, ಆಘಾತಾನೂ ಇದೆ. ಆದ್ರೆ ನನಗೆ ಮೆಚ್ಚುಗೆ ಆಗಿದ್ದು ಅವರ ಮೆಡಿಕಲ್ ಜ್ಞಾನ ಅಲ್ಲ. ಕೇಡೆನ್ಸ್ ಅಮ್ಮನ್ನ ಕೇಳ್ತಾಳೆ, ಯಾಕೆ ನಂಗೆ ಹೇಳ್ತಿಲ್ಲ ಅಂತ. ಅಮ್ಮ ಏನಂತಾಳೆ, ಎಷ್ಟೋ ಸಲ ಹೇಳಿದೀನಿ ಮಗಳೇ, ನೀನೇ ಮರೀತೀಯ, ತಾನಾಗೇ ನೆನಪಾಗ್ಲಿ ಬಿಡಿ ಅಂತ ಡಾಕ್ಟ್ರು ಹೇಳಿದಾರೆ. ನೋಡಿ, ಅಷ್ಟು ಜನ ಯಾಕೆ ಬಾಯಿ ಮುಚ್ಕೊಂಡಿದಾರೆ ಅನ್ನೋದಕ್ಕೆ ಒಂದೇ ಏಟಿಗೆ ಕಾರಣ ಸಿಕ್ತು. ಈ ಜಾತಿಯ ಥ್ರಿಲ್ಲರ್‌ಗಳು ಬಿದ್ದುಹೋಗೋದೇ ಇಲ್ಲಿ, ಹೀರೋಗೆ ನೆನಪು ಹೋಗಿದೆ ಸರಿ, ಪಕ್ಕದಲ್ಲಿರೋ ಹತ್ತು ಜನಕ್ಕೆ ನೆನಪಿದೆಯಲ್ಲ, ಅವರು ಹೇಳಿದ್ರೆ ಕಥೆ ಮೂರನೇ ಪುಟಕ್ಕೆ ಮುಗಿದ್ಹೋಗುತ್ತೆ. ಇನ್ನು ಚೀಟಿಂಗ್ ವಿಷ್ಯ, ಪುಸ್ತಕ ಇನ್ನೊಂದ್ಸಲ ಓದಿ, ಸುಳಿವೆಲ್ಲ ಕಣ್ಮುಂದೇನೇ ಹರಡಿದಾರೆ, ಯಾರು ಯಾರ ಜೊತೆ ಮಾತಾಡ್ತಾರೆ, ಯಾರು ಮಾತಾಡಲ್ಲ ಅಂತ ಲೆಕ್ಕ ಇಟ್ಕೊಳ್ಳಿ ಸಾಕು.

ಎಂಡಿಂಗ್ ಹೇಳಿಬಿಡಿ ಪ್ಲೀಸ್, ಓದೋಕೆ ಟೈಮಿಲ್ಲ.
— ಐಟಿ ಉದ್ಯೋಗಿ, ಬೆಂಗಳೂರು

ಇಲ್ಲ.

ನಾನು ಕನ್ನಡದಲ್ಲಿ ಒಂದು ಥ್ರಿಲ್ಲರ್ ಬರೀತಿದೀನಿ. ಸೆಕೆಂಡ್ ಪಿಯು ಹುಡುಗ ಬೈಕಿಂದ ಬಿದ್ದು ತನ್ನ ಹೆಸರೂ ಸೇರಿ ಎಲ್ಲಾ ಮರೀತಾನೆ. ಯಾರೋ ಅಪರಿಚಿತರು ಸಾಕ್ತಾರೆ. ಕ್ಲೈಮ್ಯಾಕ್ಸಲ್ಲಿ ಮತ್ತೆ ತಲೆಗೆ ಏಟು ಬಿದ್ದು ಎಲ್ಲಾ ನೆನಪಾಗುತ್ತೆ. ಹೇಗಿದೆ ಸಾರ್?
— ಪಿಯುಸಿ ವಿದ್ಯಾರ್ಥಿ, ತೀರ್ಥಹಳ್ಳಿ

ತಮ್ಮಾ, ಬರೀತಿದೀಯಲ್ಲ ಅದಕ್ಕೇ ಮೊದ್ಲು ಶಭಾಶ್. ಈಗ ಒಂದೊಂದಾಗಿ ಕೆಡವ್ತೀನಿ, ಬೇಜಾರು ಮಾಡ್ಕೋಬೇಡ.

ಎರಡನೇ ಏಟು ತೆಗೆದುಹಾಕು. ಅದು ಹಳೇ ಸಿನಿಮಾಗಳ ವೈದ್ಯ. ನಿಜದಲ್ಲಿ ಮೊದಲ ಪೆಟ್ಟು ಮಾಯೋ ಮುಂಚೆ ಇನ್ನೊಂದು ಬಿದ್ರೆ ಮೆದುಳು ಊದಿಕೊಂಡು ಜೀವಕ್ಕೇ ಸಂಚಕಾರ, ಅದ್ರಲ್ಲೂ ನಿನ್ನ ವಯಸ್ಸಿನವರಿಗೆ, ಅದಕ್ಕೇ ತಲೆಗೆ ಏಟಾದ ಆಟಗಾರರನ್ನ ಮತ್ತೆ ಮೈದಾನಕ್ಕೆ ಬಿಡೋಕೆ ಡಾಕ್ಟ್ರು ಹಿಂದೆಮುಂದೆ ನೋಡೋದು. ಹೆಸರು ಮರೆಯೋದೂ ಬೇಡ. ತಲೆ ಪೆಟ್ಟಾದವನು ನಿನ್ನೆದನ್ನ ಮರೆತಾನು, ಇವತ್ತಿಂದನ್ನ ಮರೆತಾನು, ಸ್ವಂತ ಹೆಸರು ಮರೆಯೋದು ತೀರಾ ತೀರಾ ಅಪರೂಪ. ಹೆನ್ರಿ ಮೊಲೈಸನ್ ಅಂತ ಒಬ್ಬ ಅಮೆರಿಕದವನಿದ್ದ, ಮೂರ್ಛೆರೋಗಕ್ಕೆ ಅಂತ 1953ರಲ್ಲಿ ಮೆದುಳಿನ ಎರಡೂ ಬದಿಯ ಹಿಪ್ಪೋಕ್ಯಾಂಪಸ್, ಅಂದ್ರೆ ಹೊಸ ನೆನಪು ಕೂಡಿಡೋ ಭಾಗ, ತೆಗೆದುಬಿಟ್ರು, ಆಗ ಅವನಿಗೆ 27. ಅಲ್ಲಿಂದ 2008ರಲ್ಲಿ ಸಾಯೋವರೆಗೂ ಅವನ ತಲೇಲಿ ಹೊಸ ಘಟನೆ ಒಂದೂ ನಿಲ್ಲಲಿಲ್ಲ, ದಶಕಗಟ್ಲೆ ಅವನನ್ನ ಪರೀಕ್ಷೆ ಮಾಡಿದ ಮನಃಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಒಳಗೆ ಬಂದಾಗೆಲ್ಲ ಅವನಿಗೆ ಅವರು ಹೊಸಬರೇ. ಅಂಥವನಿಗೂ ತನ್ನ ಹೆಸರು ಗೊತ್ತಿತ್ತು, ಬಾಲ್ಯ ಗೊತ್ತಿತ್ತು. ಇದಕ್ಕಿಂತ ಮಜಾ ಏನಂದ್ರೆ ಕನ್ನಡೀಲಿ ನೋಡ್ಕೊಂಡು ನಕ್ಷತ್ರ ಗೀಚೋ ಒಂದು ಪರೀಕ್ಷೆ ಕೊಟ್ರು, ದಿನದಿಂದ ದಿನಕ್ಕೆ ಅವನ ಗೆರೆ ಸುಧಾರಿಸ್ತಾ ಹೋಯ್ತು, ಆದ್ರೆ ಕೇಳಿದ್ರೆ ಇಂಥದ್ದನ್ನ ಮಾಡೇ ಇಲ್ಲ ಅಂತಿದ್ದ. ಕೈ ಕಲಿತಿತ್ತು, ಅವನಿಗೆ ಗೊತ್ತಿರ್ಲಿಲ್ಲ. ಥ್ರಿಲ್ಲರ್‌ಗೆ ಇದೊಂದೇ ಸಾಕಲ್ವ? ನಿನ್ನ ಹುಡುಗ ಯಾವತ್ತೂ ಹೋಗಿಲ್ಲ ಅಂದ್ಕೊಂಡಿರೋ ಮನೆಗೆ ಹೋಗ್ತಾನೆ, ಕೈ ತಾನಾಗೇ ಕತ್ತಲಲ್ಲಿ ಸ್ವಿಚ್ ಇರೋ ಜಾಗಕ್ಕೆ ಹೋಗುತ್ತೆ.

ಅಪರಿಚಿತರು ಸಾಕೋದು ಅಂದ್ಯಲ್ಲ, ಅದು ಈ ಕಾಲಕ್ಕೆ ನಡೆಯಲ್ಲ. ಆಕ್ಸಿಡೆಂಟ್ ಕೇಸು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬಂತಂದ್ರೆ ಎಂಎಲ್‌ಸಿ, ಅಂದ್ರೆ ಮೆಡಿಕೋ-ಲೀಗಲ್ ಕೇಸು ಅಂತ ದಾಖಲಾಗಿ ಪೊಲೀಸ್‌ಗೆ ಇಂಟಿಮೇಶನ್ ಹೋಗುತ್ತೆ. ಬೈಕಿಗೆ ಕೆಎ 14 ಅಂತ ನಂಬರ್ ಇದೆ, ಓನರ್ ಯಾರು ಅಂತ ಹುಡುಕೋಕೆ ಎಷ್ಟೊತ್ತು. 18 ತುಂಬದ ಹುಡುಗ, ದಿಕ್ಕುದೆಸೆ ಗೊತ್ತಿಲ್ಲ ಅಂದ್ರೆ 24 ಗಂಟೆ ಒಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರು ಮಾಡ್ಬೇಕು, ಯಾರೋ ಪುಣ್ಯಾತ್ಮರು ಮನೆಗೆ ಕರ್ಕೊಂಡು ಹೋಗಿ ಇಟ್ಕೊಳ್ಳೋ ಹಾಗಿಲ್ಲ. ಬೆರಳಚ್ಚು ಆಧಾರ್‌ನಲ್ಲಿರುತ್ತೆ, 5 ತುಂಬಿದಾಗ ಒಂದ್ಸಲ, 15 ತುಂಬಿದಾಗ ಒಂದ್ಸಲ ಕೊಟ್ಟಿರ್ತಾನೆ. ಜೇಬಲ್ಲಿ ಫೋನ್ ಬೇರೆ, ಅವನ ತಲೇಲಿ ಇಲ್ದೇ ಇರೋದು ಅದ್ರಲ್ಲಿರುತ್ತೆ, ಲೊಕೇಶನ್, ವಾಯ್ಸ್ ನೋಟ್, ಡಿಲೀಟ್ ಮಾಡಿದ ಮೆಸೇಜ್. ಈಗಿನ ಕಾಲದ ಲೇಖಕ ಮೊದ್ಲು ಫೋನಿಗೆ ಒಂದು ಗತಿ ಕಾಣಿಸ್ಬೇಕು, ಆಮೇಲೆ ನೆನಪಿಗೆ.

ಹಾಗಾದ್ರೆ ಉಳಿದಿದ್ದೇನು ಅಂತೀಯಾ? ತುಂಬಾ ಉಳಿದಿದೆ. ಎಲ್ಲಾ ಮರೆಸೋ ಬದಲು ಬರೀ ಹತ್ತು ನಿಮಿಷ ಮರೆಸು, ಬೀಳೋದಕ್ಕೆ ಮುಂಚಿನ ಹತ್ತು ನಿಮಿಷ, ಮೆಡಿಕಲಿ ಪಕ್ಕಾ. ಬೈಕಲ್ಲಿ ಇಬ್ಬರಿದ್ರು. ಒಬ್ಬ ಸತ್ತ. ಓಡಿಸ್ತಿದ್ದೋನು ಯಾರು? ನಿನ್ನ ಹುಡುಗನಿಗೆ ಗೊತ್ತಿಲ್ಲ. ಮನೆಯವರಿಗೆ ಗೊತ್ತಿದೆ, ಹೇಳಲ್ಲ, ಯಾಕಂದ್ರೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಅಂತ ಒಂದು ಕಲಂ ಸೇರಿಸಿದಾರೆ, ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಅಪರಾಧ ಆದ್ರೆ ಪೋಷಕರನ್ನ ಅಥವಾ ಗಾಡಿ ಓನರನ್ನ ತಪ್ಪಿತಸ್ಥ ಅಂತ ನೋಡ್ತಾರೆ, 3 ವರ್ಷದವರೆಗೆ ಜೈಲು, 25,000 ದಂಡ. ಈಗ ಅಪ್ಪನಿಗೆ ಸುಮ್ಮನಿರೋಕೆ ಒಂದು ಕಾರಣ ಸಿಕ್ತು ನೋಡು. ಸತ್ತ ಹುಡುಗನಿಗೆ 18 ತುಂಬಿತ್ತು, ಲೈಸೆನ್ಸ್ ಇತ್ತು, ಅವನೇ ಓಡಿಸ್ತಿದ್ದ ಅಂತ ಅಪ್ಪ ಹೇಳಿಕೆ ಕೊಟ್ಟ ಅಂದ್ಕೋ. ಸತ್ತವನ ತಾಯಿ ಅದೇ ಬೀದೀಲಿದಾಳೆ.

ಇನ್ನೂ ಒಂದು ಕೊಡ್ತೀನಿ. 1995ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತವರ ವಿದ್ಯಾರ್ಥಿನಿ ಒಂದು ಪ್ರಯೋಗ ಪ್ರಕಟಿಸಿದ್ರು. 24 ಜನಕ್ಕೆ ಅವರ ಮನೆಯವರು ಹೇಳಿದ್ದು ಅಂತ ಬಾಲ್ಯದ ನಾಲ್ಕು ಘಟನೆ ಕೊಟ್ರು, ಮೂರು ನಿಜ, ಒಂದು ಕಟ್ಟಿದ್ದು, ಚಿಕ್ಕವರಿದ್ದಾಗ ಶಾಪಿಂಗ್ ಮಾಲಲ್ಲಿ ಕಳೆದುಹೋಗಿದ್ರಿ ಅಂತ. ಕಾಲು ಭಾಗ ಜನ ಆ ಸುಳ್ಳನ್ನ ಪೂರ್ತಿನೋ ಅರ್ಧನೋ 'ನೆನಪು' ಮಾಡ್ಕೊಂಡ್ರು. ಅಂದ್ಮೇಲೆ ನೀನು ಹಿಂದೆ ಕೂತಿದ್ದೆ ಕಣೋ, ಕಣ್ಮುಚ್ಕೊಂಡಿದ್ದೆ ಕಣೋ ಅಂತ ಅಮ್ಮ ದಿನಾ ಹೇಳ್ತಿದ್ರೆ ಮೂರು ತಿಂಗಳಿಗೆ ಹುಡುಗನಿಗೆ ಹಿಂದಿನ ಸೀಟೇ ಕಾಣೋಕೆ ಶುರುವಾಗುತ್ತೆ, ಗೆಳೆಯನ ಅಂಗಿಯ ಬಣ್ಣ ಸಮೇತ. ಓದುಗನಿಗೆ ಆ ಅಂಗಿಯ ಬಣ್ಣ ತಪ್ಪು ಅಂತ ಗೊತ್ತಾಗೋ ಹಾಗೆ ಎಲ್ಲೋ ಒಂದು ಫೋಟೋ ಇಡು. ಕ್ಲೈಮ್ಯಾಕ್ಸ್‌ಗೆ ಏಟು ಬೇಕಾಗಿಲ್ಲ, ನೆನಪು ವಾಪಸ್ ಬರೋದೂ ಬೇಕಾಗಿಲ್ಲ, ಹುಡುಗ ತನಿಖೆ ಮಾಡಿ ಕಂಡುಹಿಡೀಲಿ. ಬರೆದು ಮುಗಿಸಿ ಕಳ್ಸು, ಓದ್ತೀನಿ.

ನೆನಪು ಕಳೆದುಕೊಳ್ಳುವ ಕಥೆ ನಮಗೆ ಹೊಸತೇ? ಕಾಳಿದಾಸನ ದುಷ್ಯಂತನನ್ನು ಮರೆತಿರಾ?
— ನಿವೃತ್ತ ಶಿಕ್ಷಕರು, ಮೈಸೂರು

ಮರೀತೀವಾ ಮೇಷ್ಟ್ರೇ. ಆದ್ರೆ ನನಗೆ ಅದ್ರಲ್ಲಿ ಇಷ್ಟ ಆಗೋದು ಕಾಳಿದಾಸನಿಗಿಂತ ಮುಂಚಿನ ಸಂಗತಿ. ಮಹಾಭಾರತದ ಆದಿಪರ್ವದಲ್ಲಿ ದೂರ್ವಾಸನ ಶಾಪನೂ ಇಲ್ಲ ಉಂಗುರನೂ ಇಲ್ಲ. ಶಕುಂತಲೆ ಮಗನ ಕೈ ಹಿಡ್ಕೊಂಡು ಸಭೆಗೆ ಬರ್ತಾಳೆ, ರಾಜನಿಗೆ ಎಲ್ಲಾ ನೆನಪಿದೆ, ನೆನಪಿದ್ದೂ ನೆನಪಿಲ್ಲ ಅಂತಾನೆ. ಆಮೇಲೆ ಅಶರೀರವಾಣಿ ಆದ್ಮೇಲೆ ಒಪ್ಕೊಂಡು, ಜನ ಏನಂತಾರೋ ಅಂತ ಹಾಗೆ ಮಾಡ್ದೆ ಅಂತ ಸಮಜಾಯಿಷಿ ಬೇರೆ. ಕಾಳಿದಾಸ ಪಾಪ ನಾಯಕನ ಮರ್ಯಾದೆ ಉಳಿಸೋಕೆ ಒಂದು ಶಾಪ ತಂದು, ಸುಳ್ಳನ್ನ ಮರೆವು ಮಾಡಿದ. ನಾಟಕ ಅದ್ಭುತ, ಎರಡು ಮಾತಿಲ್ಲ, ಆದ್ರೆ ಥ್ರಿಲ್ಲರ್ ಬರೆಯೋನು ನಾನಾಗಿದ್ರೆ ವ್ಯಾಸರ ರಾಜನ್ನೇ ಇಟ್ಕೊಳ್ತಿದ್ದೆ.

ಮರೆವೋ ನಾಟಕವೋ ಅನ್ನೋ ಈ ಗುಮಾನಿ ನಿಜ ಜೀವನದಲ್ಲೂ ಬಂದಿದೆ, ಅದೂ ಪತ್ತೇದಾರಿ ಕಥೆಗಳ ರಾಣಿ ಅಗಾಥಾ ಕ್ರಿಸ್ಟಿ ಮೇಲೇನೇ. 1926ರ ಡಿಸೆಂಬರ್‌ನಲ್ಲಿ ಕಾರು ಒಂದ್ಕಡೆ ಬಿಟ್ಟು ಮಾಯ ಆದ್ರು, ಇಂಗ್ಲೆಂಡ್ ಪೂರ್ತಿ ಹುಡುಕಾಟ, 11 ದಿನ ಆದ್ಮೇಲೆ ಹ್ಯಾರೊಗೇಟ್‌ನ ಹೋಟೆಲಲ್ಲಿ ಸಿಕ್ರು. ರಿಜಿಸ್ಟರ್‌ನಲ್ಲಿ ಬರೆಸಿದ್ದ ಸರ್‌ನೇಮ್ ಯಾರ್ದು ಗೊತ್ತಾ, ಗಂಡನ ಪ್ರೇಯಸಿದು. ನೆನಪು ಹೋಗಿತ್ತು ಅಂತ ಗಂಡ ಪತ್ರಿಕೆಯವರಿಗೆ ಹೇಳ್ದ. ಆಕೆ ಆತ್ಮಕಥೆ ಬರೆದ್ರು, ಈ 11 ದಿನದ ಬಗ್ಗೆ ಒಂದಕ್ಷರ ಇಲ್ಲ.

ಪುಸ್ತಕದಾಗ ಗ್ಯಾಟ್ ಪಾಟೀಲ ಅಂತ ಒಬ್ಬ ಹುಡುಗ ಅದಾನಲ್ರಿ, ಅಂವ ನಮ್ಮ ಕಡೀಯವನೇನ್ರಿ?
— ಓದುಗರು, ವಿಜಯಪುರ

ಭಾರತದ ಮೂಲದವನು ಹೌದ್ರಿ, ಇಂಥ ಊರು ಅಂತ ಹಿಡಿದು ವಿಜಯಪುರಕ್ಕೆ ಸೇರಿಸ್ಕೊಳ್ಳೋಕೆ ಪುಸ್ತಕದಲ್ಲಿ ಆಧಾರ ಕಾಣಲಿಲ್ಲ. ಕೇಡೆನ್ಸ್‌ಳ ದೊಡ್ಡಮ್ಮ ಚಿಕ್ಕಮ್ಮಂದಿರಲ್ಲಿ ಕ್ಯಾರಿ ಅಂತ ಒಬ್ಬಳಿದಾಳಲ್ಲ, ಅವಳ ಜೊತೆಗಾರ ಎಡ್ ಪಾಟೀಲ, ಅವನ ಅಣ್ಣನೋ ತಮ್ಮನೋ ಮಗ ಈ ಹುಡುಗ. ಪ್ರತಿ ಬೇಸಿಗೆ ದ್ವೀಪಕ್ಕೆ ಬರ್ತಾನೆ, ಎಲ್ರೂ ನಗುನಗ್ತಾ ಮಾತಾಡಿಸ್ತಾರೆ, ಆದ್ರೆ ಆ ಬಿಳಿ ಮನೆತನದ ತಾತ ಅವನ ಹೆಸರೂ ಹೇಳಲ್ಲ, ಮೊಮ್ಮಗಳು ಅವನನ್ನ ಪ್ರೀತಿಸೋದು ಅಂದ್ರೆ ಮುಗೀತು. ತನ್ನ ಮನೆ ಅಲ್ಲದ ಮನೇಲಿ ಊಟಕ್ಕೆ ಕೂತವನಿಗೆ ಯಾರ್ಯಾರು ಹೇಗೆ ನೋಡ್ತಾರೆ ಅನ್ನೋದೆಲ್ಲ ಕಾಣುತ್ತಲ್ಲ, ಇಡೀ ದ್ವೀಪದಲ್ಲಿ ಸರಿಯಾಗಿ ಕಣ್ಣು ಬಿಟ್ಕೊಂಡಿರೋನು ಅವನೊಬ್ಬನೇ ಅಂತ ನನ್ನ ಅಭಿಪ್ರಾಯ.

ಪ್ರೈಮ್‌ನಲ್ಲಿ ಸೀರೀಸ್ ಬಂದಿದೆಯಲ್ಲ, ಅದು ನೋಡಿದ್ರೆ ಸಾಕಾ? ಇದರ ಇನ್ನೊಂದು ಭಾಗನೂ ಇದೆಯಂತೆ, ಯಾವುದು ಮೊದಲು?
— ಅಕ್ಕತಂಗಿ, ಮಂಗಳೂರು

ಸೀರೀಸ್ 2025ರ ಜೂನ್‌ನಲ್ಲಿ ಬಂತು, 8 ಎಪಿಸೋಡ್. ಚೆನ್ನಾಗಿದೆ, ಮೂರು ಜನ ಅಕ್ಕತಂಗಿಯರ ಜಗಳಕ್ಕೆ ಪುಸ್ತಕಕ್ಕಿಂತ ಜಾಸ್ತಿ ಜಾಗ ಕೊಟ್ಟಿದಾರೆ, ನಿಮ್ಮಿಬ್ಬರಿಗೂ ಹಿಡಿಸಬಹುದು. ಆದ್ರೆ ಪುಸ್ತಕನೇ ಮೊದ್ಲು. ಪುಸ್ತಕದಲ್ಲಿ ನೀವು ಆ ಹುಡುಗಿ ತಲೆ ಒಳಗಿಂದ ಆಚೆ ಬರೋಕೇ ಆಗಲ್ಲ, ಅವಳಿಗೆ ಕಂಡಷ್ಟೇ ನಿಮಗೆ, ಕ್ಯಾಮೆರಾ ಇಟ್ಟ ತಕ್ಷಣ ಅವಳಿಲ್ಲದ ರೂಮುಗಳಿಗೂ ಹೋಗಿಬಿಡ್ತೀವಿ. ಇನ್ನೊಂದು ಭಾಗ ಅಂದ್ರೆ 'ಫ್ಯಾಮಿಲಿ ಆಫ್ ಲೈಯರ್ಸ್', 2022ರದ್ದು, ಕೇಡೆನ್ಸ್‌ಳ ಅಮ್ಮ ಮತ್ತವರ ಅಕ್ಕತಂಗಿಯರು ಹುಡುಗಿಯರಾಗಿದ್ದ ಕಾಲದ ಕಥೆ. ಕಾಲದ ಲೆಕ್ಕದಲ್ಲಿ ಹಿಂದಿನದ್ದಲ್ವಾ ಅಂತ ಅದನ್ನ ಮೊದ್ಲು ಕೈಗೆತ್ಕೊಂಡ್ರೋ ಕೆಟ್ರಿ, ಶುರುವಿನಲ್ಲೇ ಮೊದಲ ಪುಸ್ತಕದ ಗುಟ್ಟು ಒಡೆದುಬಿಡುತ್ತೆ.