ಎತ್ತಿಟ್ಟ ಹೈಬ್ರಿಡ್ ಬೀಜ ಏಕೆ ಸೊರಗುತ್ತದೆ?

ಪ್ರಶ್ನೆ: ಕಳೆದ ವರ್ಷ ಭರ್ಜರಿಯಾಗಿ ಬಂದ ಹೈಬ್ರಿಡ್ ಗೋವಿನಜೋಳದಲ್ಲಿ ದಪ್ಪ ತೆನೆಗಳನ್ನೇ ಆರಿಸಿ ಬೀಜಕ್ಕಿಟ್ಟು ಈ ಸಲ ಬಿತ್ತಿದೆ. ಗಿಡಗಳು ಒಂದೊಂದು ಒಂದೊಂದು ಎತ್ತರ, ತೆನೆಯೂ ಸಣ್ಣದು. ಕಂಪನಿಯವರು ಬೀಜಕ್ಕೆ ಏನಾದರೂ ಬೆರೆಸಿರುತ್ತಾರೆಯೇ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಬೆರೆಸಬೇಕಾದ ಅಗತ್ಯವೇ ಇಲ್ಲ, ಇದು ಆ ಬೆಳೆಯ ಹುಟ್ಟುಗುಣ. ಮೆಕ್ಕೆಜೋಳದಲ್ಲಿ (ಗೋವಿನಜೋಳ) ಗಂಡು ಹೂವು ಗಿಡದ ತುದಿಯಲ್ಲೂ ಹೆಣ್ಣು ಹೂವು ನಡುವಿನ ತೆನೆಯಲ್ಲೂ ಇರುವುದರಿಂದ ಪರಾಗವು ಗಾಳಿಯಲ್ಲಿ ಅಕ್ಕಪಕ್ಕದ ಗಿಡಗಳಿಗೆ ಹಾರುತ್ತದೆ. ತೆನೆಯ ತುದಿಯಲ್ಲಿ ಇಳಿಬೀಳುವ ರೇಷ್ಮೆಯಂತಹ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಹೀಗಾಗಿ ಒಂದೇ ತೆನೆಯ ಕಾಳುಗಳಿಗೆ ತಂದೆ ಬೇರೆ ಬೇರೆಯಾಗಿರಬಹುದು.

ಅಮೆರಿಕದ ಸಸ್ಯವಿಜ್ಞಾನಿ ಜಾರ್ಜ್ ಶಲ್ ಈ ಗಿಡಗಳಲ್ಲಿ ಅವುಗಳದೇ ಪರಾಗದಿಂದ ತಲೆಮಾರುಗಳ ಕಾಲ ಕಾಳು ಕಟ್ಟಿಸಿದಾಗ ಅವು ಕುಗ್ಗುತ್ತ ಹೋದವು. ಅಂತಹ ಎರಡು ಬಡಕಲು ತಳಿಗಳನ್ನು ಕೂಡಿಸಿದಾಗಲೋ, ಸಂತತಿ ಹುಲುಸಾಗಿ, ಒಂದೇ ಸಮನಾಗಿ ಬೆಳೆಯಿತು. 1908ರಲ್ಲಿ ಅವರು ಪ್ರಕಟಿಸಿದ ಈ ಫಲಿತಾಂಶವೇ ಇಂದಿನ ಹೈಬ್ರಿಡ್ ಬೀಜದ ಬುನಾದಿ. ಆದರೆ ಈ ಹುಲುಸು ಮೊದಲ ಪೀಳಿಗೆಯದು. ನೀವು ಎತ್ತಿಟ್ಟ ಬೀಜ ಎರಡನೆಯದು. ಅದರಲ್ಲಿ ವಂಶವಾಹಿಗಳು ಹಂಚಿಹೋಗಿ, ಹುಲುಸಿಗೆ ಕಾರಣವಾದ ಮಿಶ್ರ ಜೋಡಿಗಳ (ತಂದೆ-ತಾಯಿಯಿಂದ ಬಂದ ಎರಡು ಪ್ರತಿಗಳು ಬೇರೆ ಬೇರೆಯಾಗಿರುವ ವಂಶವಾಹಿ ಜೋಡಿಗಳ) ಪ್ರಮಾಣ ಸರಾಸರಿ ಅರ್ಧಕ್ಕೆ ಇಳಿಯುತ್ತದೆ. ತೆನೆ ಎಷ್ಟೇ ದಪ್ಪವಿದ್ದರೂ ಈ ಲೆಕ್ಕ ತಪ್ಪದು.

ಬೀಜ ಉಳಿಸಿಕೊಳ್ಳುವ ಆಸೆಯಿದ್ದರೆ (ಒಳ್ಳೆಯ ಆಸೆಯೇ) ಕಾಂಪೋಸಿಟ್ ತಳಿಯನ್ನು (ಹಲವು ತಳಿಗಳನ್ನು ಬೆರೆಸಿ ರೂಪಿಸಿದ, ಬೀಜ ಉಳಿಸಿ ಮತ್ತೆ ಬಿತ್ತಬಹುದಾದ ತಳಿ) ಆರಿಸಿ, ನೆರೆಯವರ ಮೆಕ್ಕೆಜೋಳದಿಂದ ಕನಿಷ್ಠ 200 ಮೀಟರ್ ದೂರದಲ್ಲಿ ಬಿತ್ತಿ, ಹೊಲದ ನಡುಭಾಗದ ಹಲವು ಗಿಡಗಳಿಂದ ತೆನೆ ತೆಗೆದಿಡಿ.