ಮಳೆಗಾಲದಲ್ಲಿ ಗಿಟಾರಿನ ಲ್ಯಾಕರ್ ಬಿಳಿಚಿಕೊಂಡಾಗ

ಕಿಟ್‌ನಿಂದ ಜೋಡಿಸುತ್ತಿರುವ ಎಲೆಕ್ಟ್ರಿಕ್ ಗಿಟಾರಿಗೆ ಜುಲೈ ತಿಂಗಳಲ್ಲಿ ಬಸವನಗುಡಿಯ ಮನೆಯ ಬಾಲ್ಕನಿಯಲ್ಲಿ ಹೊಡೆದ ನೈಟ್ರೋಸೆಲ್ಯುಲೋಸ್ ಲ್ಯಾಕರ್ (ಬೇಗ ಆರುವ ಹೊಳಪಿನ ಲೇಪ) ಹಾಲಿನಂತೆ ಬೆಳ್ಳಗಾಗಿದೆ, ಎಲ್ಲವನ್ನೂ ಉಜ್ಜಿ ತೆಗೆಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ತೆಗೆಯಬೇಡಿ. ಲ್ಯಾಕರನ್ನು ತೆಳುಗೊಳಿಸುವ ದ್ರಾವಕವಾದ ಥಿನ್ನರ್ ಬೇಗನೆ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಬೆಂಗಳೂರಿನ ಮಳೆಗಾಲದ ಗಾಳಿಯಲ್ಲಿರುವ ತೇವವು ಅದರ ಮೇಲೆ ಹನಿಗಟ್ಟಿ ಪದರದೊಳಗೆ ಸಿಕ್ಕಿಕೊಳ್ಳುವುದರಿಂದ ಈ ಬಿಳುಪು ಬರುತ್ತದೆ. ಮರಕ್ಕೆ ಇದರಿಂದ ಹಾನಿಯಿಲ್ಲ. ಬಿಸಿಲು ಬಿದ್ದು ಆರ್ದ್ರತೆಯು ಶೇಕಡಾ 60ಕ್ಕಿಂತ ಕೆಳಗಿಳಿದ ಮಧ್ಯಾಹ್ನವೊಂದರಲ್ಲಿ, ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಅತಿ ತೆಳುವಾಗಿ ಸಿಂಪಡಿಸಿದರೆ ಪದರವು ಮತ್ತೆ ಮೆದುವಾಗಿ, ತೇವ ಹೊರಬಿದ್ದು, ಬಹುಮಟ್ಟಿಗೆ ತಿಳಿಯಾಗುತ್ತದೆ. ಈ ಆವಿಗೆ ಸುಲಭವಾಗಿ ಬೆಂಕಿ ಹತ್ತುವುದರಿಂದ ಅಡುಗೆಮನೆಯ ಒಲೆಯನ್ನು ಆರಿಸಿಯೇ ಕೆಲಸ ಆರಂಭಿಸಿ. ಗಿಟಾರಿನ ಉದ್ದನೆಯ ಹಿಡಿಯಾದ ನೆಕ್ ಕೂರುವ ಗುಳಿಗೆ ಟೇಪ್ ಅಂಟಿಸಿರಿ. ಅಲ್ಲಿ ಲ್ಯಾಕರ್ ದಪ್ಪವಾಗಿ ಕಟ್ಟಿದರೆ ನೆಕ್ ಸರಿಯಾಗಿ ಕೂರುವುದಿಲ್ಲ.